ಮೊದಲ ಮಂಚದ ಮೇಲಿದ್ದದ್ದು ಬೊಂಬೆಯಲ್ಲ: ಮಾನ್ಯತಾ ಮಂಡಳಿಯ ಅಧ್ಯಕ್ಷರಿಗೆ

ಮಾನ್ಯರೇ,

ನಮ್ಮ ನರ್ಸಿಂಗ್ ಕಾಲೇಜಿನ ಪ್ರಯೋಗಶಾಲೆಯಲ್ಲಿರುವ 'ಉನ್ನತ ದರ್ಜೆಯ ಅಭ್ಯಾಸ ಬೊಂಬೆ'ಯ ವಾರ್ಷಿಕ ನಿರ್ವಹಣಾ ವರದಿಯನ್ನು ಕೂಡಲೇ ಕಳಿಸಿಕೊಡಬೇಕೆಂದು ನಿಮ್ಮ ಕಚೇರಿಯಿಂದ ಪತ್ರ ಬಂದಿದೆ. ಕಳಿಸಲು ಆಗುವುದಿಲ್ಲ. ನೀವು ಬೊಂಬೆ ಎಂದು ಬರೆದುಕೊಂಡಿರುವುದು ಒಬ್ಬ ಮನುಷ್ಯರನ್ನು. ಅವರು ತೀರಿಕೊಂಡು ತಿಂಗಳುಗಳೇ ಆದವು. ತೀರಿಕೊಂಡವರ ನಿರ್ವಹಣೆಗೆ ಯಾವ ಮೆಕ್ಯಾನಿಕ್ಕನ್ನು ಕರೆಸಿ ಯಾರ ಸಹಿ ಹಾಕಿಸಬೇಕೆಂಬುದು ನಿಮ್ಮ ಮಾರ್ಗಸೂಚಿಯಲ್ಲಿ ಎಲ್ಲೂ ಕಾಣಲಿಲ್ಲ.

ಇದನ್ನು ನಿಮಗೆ ಮೊದಲ ಸಲ ಹೇಳುತ್ತಿಲ್ಲ. ಮುಚ್ಚಿದ ಲಕೋಟೆಯಲ್ಲಿ ಬರೆದೆ, ಇಮೇಲಿನಲ್ಲಿ ಬರೆದೆ, ನಿಮ್ಮ ಜಾಲತಾಣದ ಅಹವಾಲು ಕಿಟಕಿಯಲ್ಲೂ ಬರೆದೆ. 'ನಿಮ್ಮ ಪತ್ರ ತಲುಪಿದೆ' ಎಂಬ ಉತ್ತರ ತಪ್ಪದೆ ಬಂತು. ತಲುಪಿದ್ದನ್ನು ಯಾರಾದರೂ ಓದಿದರು ಎಂಬ ಉತ್ತರ ಬರಲಿಲ್ಲ. ಅದಕ್ಕೇ ಈಗ ಪತ್ರಿಕೆಯಲ್ಲಿ, ನಾಲ್ಕು ಜನ ಓದುವ ಹಾಗೆ ಬರೆಯುತ್ತಿದ್ದೇನೆ. ಒಂದು ಪದ ತಪ್ಪಾಗಿದೆ ಎಂಬ ತಕರಾರು ಮಾತ್ರ ಆಗಿದ್ದರೆ ನಾನು ಉಗುಳು ನುಂಗಿಕೊಂಡು ಸುಮ್ಮನಾಗುತ್ತಿದ್ದೆ. ಆ ಪದದ ದೆಸೆಯಿಂದ ನನ್ನ ವಿದ್ಯಾರ್ಥಿನಿಯೊಬ್ಬಳಿಗೆ ನರ್ಸ್ ಎಂದು ನೋಂದಣಿ ಸಿಕ್ಕಿಲ್ಲ. ಅವಳು ಮಾಡಿದ ಒಂದೇ ಅಪರಾಧವೆಂದರೆ ಆ ಮನುಷ್ಯರನ್ನು ಮನುಷ್ಯ ಎಂದದ್ದು.

ಮೊದಲಿಂದ ಹೇಳುತ್ತೇನೆ. ಕಳೆದ ವರ್ಷದ ಮಳೆಗಾಲದಲ್ಲಿ ನದಿ ದಡ ಬಿಟ್ಟು ಪೇಟೆಯೊಳಗೆ ಬಂತು. ನಮ್ಮ ಕಾಲೇಜು ಮತ್ತು ಅದಕ್ಕೆ ಅಂಟಿಕೊಂಡಿರುವ ಆಸ್ಪತ್ರೆ, ಎರಡರ ನೆಲಮಹಡಿಗಳೂ ಮುಳುಗಿದವು. ಅಂತಿಮ ವರ್ಷದ ಹುಡುಗಿಯರಲ್ಲಿ ಹೆಚ್ಚಿನವರು ರಸ್ತೆ ಮುಚ್ಚುವ ಮೊದಲೇ ಮನೆ ಸೇರಿಕೊಂಡಿದ್ದರು. ಹಾಸ್ಟೆಲಿನಲ್ಲಿ ಸಿಕ್ಕಿಹಾಕಿಕೊಂಡವರು ಬೆರಳೆಣಿಕೆಯಷ್ಟು. ಅವರ ಜೊತೆ ಉಳಿದ ಬೋಧಕಿ ನಾನೊಬ್ಬಳು, ಏಕೆಂದರೆ ನನ್ನ ವಸತಿ ಕಾಲೇಜಿನ ಹಿಂಭಾಗದ ಮೇಲ್ಮಹಡಿಯಲ್ಲೇ ಇದೆ, ಹೋಗಬೇಕಾದ ಬೇರೆ ಮನೆ ನನಗಿಲ್ಲ. ಆಸ್ಪತ್ರೆಯ ರೋಗಿಗಳನ್ನು ಬೆಡ್‌ಶೀಟಿನ ನಾಲ್ಕು ಮೂಲೆ ಹಿಡಿದು, ನಮ್ಮ ಮಹಡಿ ಮೆಟ್ಟಿಲಲ್ಲಿ ಮೇಲಕ್ಕೆ ಸಾಗಿಸಿದರು. ಪ್ರಯೋಗಶಾಲೆ ಮೇಲಿತ್ತು, ಮಂಚಗಳಿದ್ದವು, ಪರದೆಗಳಿದ್ದವು. ಅಭ್ಯಾಸಕ್ಕೆಂದು ಇಟ್ಟ ಕೋಣೆ ಒಂದೇ ಮಧ್ಯಾಹ್ನದಲ್ಲಿ ವಾರ್ಡ್ ಆಯಿತು. ನಮ್ಮ ನಿಜವಾದ ಬೊಂಬೆ, ಆ ರಬ್ಬರು ಚರ್ಮದ ಬಡಪಾಯಿ, ರಿಪೇರಿಗೆಂದು ಕೆಳಗಿನ ಉಗ್ರಾಣದಲ್ಲಿ ಮಲಗಿತ್ತು. ನೀರು ಇಳಿದ ಮೇಲೆ ಅದನ್ನು ಎತ್ತಿದಾಗ ಹೊಟ್ಟೆಯೊಳಗಿಂದ ಕೆಸರು ಸುರಿಯಿತು.

ಕೆಲವು ದಿನಗಳಲ್ಲಿ ದೋಣಿಗಳು ಬಂದವು. ಒಬ್ಬೊಬ್ಬರಾಗಿ ರೋಗಿಗಳನ್ನು ಬೇರೆ ಊರಿಗೆ ಕರೆದೊಯ್ದರು. ಉಳಿದವರು ಒಬ್ಬ ತಾತ. ಲಕ್ವ ಹೊಡೆದು ಬಲಗಡೆ ಪೂರ್ತಿ ಬಿದ್ದುಹೋಗಿತ್ತು, ಮಾತು ನಿಂತಿತ್ತು, ನುಂಗಲು ಆಗದೆ ಮೂಗಿನಲ್ಲಿ ನಳಿಕೆ ಹಾಕಿತ್ತು. ನೀರು ಬರುವ ಹಿಂದಿನ ದಿನ ಯಾರೋ ಬಸ್ ನಿಲ್ದಾಣದಿಂದ ತಂದು ಸೇರಿಸಿದ್ದರಂತೆ. ಹೆಸರಿಲ್ಲ, ವಿಳಾಸವಿಲ್ಲ, ಕೇಳಿಕೊಂಡು ಬರುವವರಿಲ್ಲ. ದೋಣಿಯಲ್ಲಿ ಕೂರಿಸುವಷ್ಟು ಜೀವ ಅವರಲ್ಲಿರಲಿಲ್ಲ. ಆಮೇಲೆ ರಸ್ತೆ ತೆರೆದಾಗ ಬೇರೆ ಆಸ್ಪತ್ರೆಗಳು 'ಜೊತೆಗೆ ಯಾರಿದ್ದಾರೆ?' ಎಂದು ಕೇಳಿದವು. ಯಾರೂ ಇಲ್ಲವೆಂದಾಗ ಎಲ್ಲ ಕಡೆಯೂ ಹಾಸಿಗೆ ಭರ್ತಿಯಾಗಿಬಿಡುತ್ತಿತ್ತು. ಹೀಗಾಗಿ ತಾತ ನಮ್ಮಲ್ಲೇ ಉಳಿದರು.

ಅವರನ್ನು ನೋಡಿಕೊಂಡವರು ಆ ಹುಡುಗಿಯರು. ಅವರಲ್ಲೊಬ್ಬಳನ್ನು ಕಾಲೇಜಿಗೆ ಕಾಲೇಜೇ ರೇಡಿಯೋ ಎಂದು ಕರೆಯುತ್ತಿತ್ತು. ನಿದ್ದೆಯಲ್ಲಿ ಮಾತ್ರ ಅವಳ ಬಾಯಿಗೆ ಬಿಡುವು, ಅದೂ ಖಾತ್ರಿಯಿಲ್ಲ ಎಂದು ಅವಳ ಕೋಣೆಯವರು ಹೇಳುತ್ತಿದ್ದರು. ತರಗತಿಯಲ್ಲಿ ಅವಳನ್ನು ಸುಮ್ಮನಾಗಿಸುವುದೇ ನನಗೊಂದು ಕೆಲಸವಾಗಿತ್ತು. ತಾತನ ಪಕ್ಕದಲ್ಲಿ ಅವಳ ಆ ಬಾಯಿಯೇ ಔಷಧಿಯಾಯಿತು. ಕರೆಂಟಿಲ್ಲ, ಗಾಳಿಹಾಸಿಗೆ ಇಲ್ಲ. ಎರಡೆರಡು ಗಂಟೆಗೊಮ್ಮೆ ಮಗ್ಗುಲು ಬದಲಿಸದಿದ್ದರೆ ಬೆನ್ನು ಹುಣ್ಣಾಗುತ್ತದೆ ಎಂದು ನಾನು ವರ್ಷಗಟ್ಟಲೆ ಪಾಠ ಮಾಡಿದ್ದೇನೆ, ಅವರು ಅದನ್ನು ಕೈಯಾರೆ ಮಾಡಿದರು. ರಬ್ಬರು ಕೈಗವಸುಗಳಲ್ಲಿ ನೀರು ತುಂಬಿ ಗಂಟು ಹಾಕಿ ಹಿಮ್ಮಡಿಯ ಕೆಳಗಿಟ್ಟರು. ತುಟಿ ಒಡೆಯದಂತೆ, ಮುಖ ಒಣಗದಂತೆ ಎಣ್ಣೆ ಸವರಿದರು. ಮುಟ್ಟುವ ಮುನ್ನ ಪ್ರತಿ ಸಲವೂ ರೇಡಿಯೋ ಹೇಳುತ್ತಿದ್ದಳು: "ತಾತ, ಈಗ ಎಡಗಡೆಗೆ ತಿರುಗಿಸ್ತೀನಿ, ಬೈಕೋಬೇಡಿ." ತಾತನ ಎಡಗೈಯಲ್ಲಿ ಸ್ವಲ್ಪ ಶಕ್ತಿ ಉಳಿದಿತ್ತು. ಹೌದು ಎಂದರೆ ಕೈ ಹಿಸುಕುವುದು, ಇಲ್ಲ ಎಂದರೆ ಸುಮ್ಮನಿರುವುದು ಎಂದು ಅವಳೇ ಒಪ್ಪಂದ ಮಾಡಿಕೊಂಡಳು. ಅವರ ಊರು ಪತ್ತೆ ಮಾಡುತ್ತೇನೆಂದು ಒಂದು ದಿನವಿಡೀ ಊರುಗಳ ಹೆಸರು ಹೇಳುತ್ತಾ ಕೂತಳು. ತಾತ ಎಲ್ಲದಕ್ಕೂ ಕೈ ಹಿಸುಕಿದರು.

"ಮೇಡಂ, ಒಂದೋ ತಾತಂಗೆ ತಲೆ ಕೆಟ್ಟಿದೆ, ಇಲ್ಲಾ ನನ್ನ ತಲೆ ಕೆಡಿಸ್ತಿದ್ದಾರೆ" ಎಂದಳು.

ಅದೇ ದಿನಗಳಲ್ಲಿ ನೀವು ಬಂದಿರಿ. ನಮ್ಮ ಕಾಲೇಜಿನ ಮಾನ್ಯತೆಯ ಅವಧಿ ಮುಗಿಯುವುದರಲ್ಲಿತ್ತು. ಪರಿಶೀಲನೆಯನ್ನು ಮುಂದೂಡಿ ಎಂದು ಪ್ರಾಂಶುಪಾಲರು ಕೈಮುಗಿದು ಕೇಳಿಕೊಂಡರು. ನಿಮ್ಮ ಮಂಡಳಿ ಸುತ್ತೋಲೆಯೊಂದನ್ನು ಕಳಿಸಿತು: ವಿಪತ್ತಿಗೆ ಸಿಲುಕಿದ ಸಂಸ್ಥೆಗಳಿಗೆ ವಿಶೇಷ ವಿನಾಯಿತಿಗಳು. ಓದಲು ಹಿತವಾಗಿತ್ತು. ಮಂಡಳಿಗೆ ನಮ್ಮ ಸಂಕಷ್ಟದ ಅರಿವಿದೆಯಂತೆ. ಆದ್ದರಿಂದ ಪರಿಶೀಲನಾ ತಂಡ ಖುದ್ದಾಗಿ ಬಂದು ನಮಗೆ ತೊಂದರೆ ಕೊಡುವುದಿಲ್ಲವಂತೆ, ವಿಡಿಯೋ ಮೂಲಕ ನೋಡುತ್ತದಂತೆ, ಹೀಗಾಗಿ ಮುಂದೂಡುವ ಅಗತ್ಯವೇ ಇಲ್ಲವಂತೆ. ವಿನಾಯಿತಿಗಳೇ ಬೇಡ ಎಂದು ನಾನು ಹೇಳುತ್ತಿಲ್ಲ. ನೀರು ಯಾವ ಕಾಲೇಜಿನ ತಪ್ಪೂ ಅಲ್ಲ, ಅದಕ್ಕಾಗಿ ಮಾನ್ಯತೆ ಕಿತ್ತುಕೊಳ್ಳಬಾರದು ಎಂಬಷ್ಟು ವಿವೇಕ ನಿಮಗಿತ್ತು, ಅದಕ್ಕೆ ನಾನು ಋಣಿ. ನನ್ನ ಪ್ರಶ್ನೆ ಬೇರೆ. ಮುಳುಗುತ್ತಿರುವವರಿಗೆ ಏನು ಬೇಕೆಂದು ಮುಳುಗುತ್ತಿರುವವರನ್ನೇ ಒಂದು ಮಾತು ಕೇಳಬಹುದಿತ್ತಲ್ಲವೇ? ನಮಗೆ ಬೇಕಿದ್ದದ್ದು ಕಾಲಾವಕಾಶ. ನೀವು ಕೊಟ್ಟದ್ದು ಕ್ಯಾಮೆರಾ.

ಆ ದಿನ ಪ್ರಾಂಶುಪಾಲರು ಫೋನು ಹಿಡಿದುಕೊಂಡು ಮೊಣಕಾಲಿನವರೆಗಿನ ಕೆಸರಲ್ಲಿ ನಡೆದರು. ಹಿಂದೆ ನಾನು, ಅವರ ಬೂಟು ಹಿಡಿದುಕೊಂಡು. ಮೊದಲು ಹೆಸರಿನ ಫಲಕ ತೋರಿಸಿ ಎಂದಿರಿ. ಫಲಕ ಕೊಚ್ಚಿಹೋಗಿತ್ತು. ಹಸಿರು ಆವರಣ ತೋರಿಸಿ ಎಂದಿರಿ. ಆವರಣದಲ್ಲಿ ಯಾರದೋ ಮನೆಯ ಬಾಗಿಲು ತೇಲುತ್ತಿತ್ತು. "ಓಕೆ, ಓಕೆ, ಮುಂದೆ ಹೋಗಿ" ಎಂದರು ತಂಡದ ಹಿರಿಯ ಸದಸ್ಯರು. ಅವರ ದನಿ ತುಂಬ ಮೃದುವಾಗಿತ್ತು. ಅವರ ಹಿಂದೆ ಗೋಡೆಯ ಮೇಲೆ ಒಂದು ಚಂದದ ಗಡಿಯಾರವಿತ್ತು, ಆಗಾಗ ಅವರು ಅದರ ಕಡೆ ತಿರುಗಿ ನೋಡುತ್ತಿದ್ದರು. ಹೀಗೆ ಮೇಲೆ ಬಂದು ಪ್ರಯೋಗಶಾಲೆ ಹೊಕ್ಕೆವು. ಇದನ್ನು ತೋರಿಸುವುದು ಬೇಡ, ಇಲ್ಲಿ ರೋಗಿ ಇದ್ದಾರೆ ಎಂದು ನಾನು ಮೆಟ್ಟಿಲಲ್ಲೇ ಹೇಳಿದ್ದೆ. ಪ್ರಯೋಗಶಾಲೆ ತೋರಿಸದಿದ್ದರೆ ಅಂಕ ಸೊನ್ನೆ ಎಂದರು ಪ್ರಾಂಶುಪಾಲರು. ಒಳಗೆ ಮೊದಲ ಮಂಚಕ್ಕೆ 'ಅಭ್ಯಾಸ ಮಂಚ' ಎಂಬ ಹಳೆಯ ಚೀಟಿ ಹಾಗೇ ನೇತಾಡುತ್ತಿತ್ತು. ಅದರ ಮೇಲೆ ತಾತ ಮಲಗಿದ್ದರು, ಎಣ್ಣೆ ಹಚ್ಚಿದ ಮುಖ ಹೊಳೆಯುತ್ತಿತ್ತು, ಕಣ್ಣುಗಳು ಸೂರು ನೋಡುತ್ತಿದ್ದವು, ಕುತ್ತಿಗೆಯವರೆಗೆ ಬಿಳಿ ಹೊದಿಕೆ.

"ಓಹೋ, ಬೊಂಬೆ ತುಂಬ ಅಡ್ವಾನ್ಸ್ಡ್ ಆಗಿದೆ ಅಲ್ವಾ! ಕಣ್ಣು ಕೂಡ ಮಿಟುಕಿಸತ್ತಾ?" ಎಂದರು ನಿಮ್ಮ ಹಿರಿಯ ಸದಸ್ಯರು.

"ಸರ್, ಅವರು ಪೇಶೆಂಟು" ಎಂದೆ ನಾನು.

"ಮೇಡಂ, ವಾಯ್ಸ್ ಬ್ರೇಕ್ ಆಗ್ತಿದೆ."

"ಸರ್, ಅವರು ಮನುಷ್ಯರು, ಬೊಂಬೆ ಅಲ್ಲ!" ನಾನು ಕಿರುಚಿದೆ. ಆಗಲೇ ಪ್ರಾಂಶುಪಾಲರು ಫೋನನ್ನು ಕಿಟಕಿಯ ಕಡೆ ತಿರುಗಿಸಿದ್ದರು. "ಹೌದು ಸರ್, ಎಲ್ಲಾ ಮಾಡತ್ತೆ ಸರ್, ಉಸಿರು ಕೂಡ ಆಡತ್ತೆ" ಎಂದರು. ಅವರ ಮಾತು ಮಾತ್ರ ನಿಮಗೆ ಎಲ್ಲೂ ತುಂಡಾಗದೆ ಕೇಳಿಸಿತು.

ಪ್ರಾಂಶುಪಾಲರನ್ನು ಕಳ್ಳನೆಂದು ನಿಲ್ಲಿಸಲು ಈ ಪತ್ರ ಬರೆಯುತ್ತಿಲ್ಲ. ಕರೆ ಮುಗಿದ ಮೇಲೆ ಅವರು ಅಲ್ಲೇ ಸ್ಟೂಲಿನ ಮೇಲೆ ಕುಸಿದು ಕೂತರು. "ಬೊಂಬೆ ಇಲ್ಲ ಅಂತ ಬರೆದ್ರೆ ಲ್ಯಾಬ್ ಇಲ್ಲ, ಲ್ಯಾಬ್ ಇಲ್ಲ ಅಂದ್ರೆ ಕಾಲೇಜಿಲ್ಲ. ಅಷ್ಟು ಜನ ಹುಡುಗೀರು, ಅಷ್ಟು ಜನ ನಾವು. ತಾತಂಗೇನು ನಷ್ಟ ಹೇಳಿ ಮೇಡಂ?" ಎಂದರು. ರೇಡಿಯೋ ಮಂಚದ ಬಳಿ ಹೋಗಿ, "ತಾತ, ಕೇಳಿಸ್ಕೊಂಡ್ರಾ? ನೀವು ಬೊಂಬೆ ಅಂತೆ. ಅದೂ ಅಡ್ವಾನ್ಸ್ಡ್ ಬೊಂಬೆ" ಎಂದಳು. ಆಗ ತಾತ ನಕ್ಕರು. ಅರ್ಧ ಮುಖದಲ್ಲಿ, ಎಡಗಡೆಯ ತುಟಿ ಮೇಲೆದ್ದು, ಗಂಟಲಲ್ಲಿ ಗೊರಗೊರ ಸದ್ದು ಮಾಡಿಕೊಂಡು ನಕ್ಕರು. ನಮ್ಮಲ್ಲಿಗೆ ಬಂದ ಮೇಲೆ ಅವರು ನಕ್ಕದ್ದು ಅದೇ ಮೊದಲು. ಹುಡುಗಿಯರಿಗೂ ತಡೆಯಲಾಗಲಿಲ್ಲ, ಹೊಟ್ಟೆ ಹಿಡಿದುಕೊಂಡು ನಕ್ಕರು, ಪ್ರಾಂಶುಪಾಲರು ಕೂಡ. ನಿಮ್ಮ ತಂಡ ಇನ್ನೊಂದು ಚೂರು ಹೊತ್ತು ಇದ್ದಿದ್ದರೆ ಇಷ್ಟೆಲ್ಲ ಬರೆಯುವ ಅಗತ್ಯವೇ ಬೀಳುತ್ತಿರಲಿಲ್ಲ.

ವರದಿ ಬಂತು. 'ಸಂಸ್ಥೆಯು ವಿಪತ್ತಿನ ನಡುವೆಯೂ ಉನ್ನತ ದರ್ಜೆಯ ಅಭ್ಯಾಸ ಬೊಂಬೆಯನ್ನು ಸುಸ್ಥಿತಿಯಲ್ಲಿ ಕಾಪಾಡಿಕೊಂಡಿರುವುದು ಶ್ಲಾಘನೀಯ.' ಅದನ್ನು ಓದಿ ನಗಬೇಕೋ ಅಳಬೇಕೋ ತಿಳಿಯಲಿಲ್ಲ, ಏಕೆಂದರೆ ಒಂದು ಅರ್ಥದಲ್ಲಿ ಅಷ್ಟು ನಿಜವಾದ ಮೆಚ್ಚುಗೆ ಆ ಹುಡುಗಿಯರಿಗೆ ಇನ್ನಾರಿಂದಲೂ ಸಿಕ್ಕಿರಲಿಲ್ಲ. ಬೆನ್ನಲ್ಲಿ ಒಂದೂ ಹುಣ್ಣಿಲ್ಲದೆ ಅವರನ್ನು ಸುಸ್ಥಿತಿಯಲ್ಲೇ ಕಾಪಾಡಿದ್ದರು. ವಾಸ್ತವಾಂಶದಲ್ಲಿ ತಪ್ಪಿದ್ದರೆ ಒಂದು ವಾರದೊಳಗೆ ತಿಳಿಸಬೇಕು ಎಂದು ವರದಿಯ ಕೊನೆಯಲ್ಲಿತ್ತು. ಆ ವಾರ ಮತ್ತೆ ಮಳೆ ಹಿಡಿದು ಪೇಟೆಯ ಮೊಬೈಲ್ ಟವರುಗಳೆಲ್ಲ ಕೆಟ್ಟು ನಿಂತಿದ್ದವು, ವರದಿ ನಮ್ಮ ಕೈಗೆ ಸಿಗುವಾಗಲೇ ಗಡುವು ದಾಟಿತ್ತು. ನೆರೆ ಬಂದ ಊರಿಗೆ ನೆರೆಯ ವಿನಾಯಿತಿ ಕಳಿಸಿದವರು, ಗಡುವಿಗೆ ಮಾತ್ರ ನೆರೆ ತಟ್ಟುವುದಿಲ್ಲ ಎಂದು ಹೇಗೆ ತೀರ್ಮಾನಿಸಿದಿರಿ?

ತಾತ ಚಳಿಗಾಲ ಕಾಣುವವರೆಗೂ ಇದ್ದರು. ಒಂದು ಬೆಳಗ್ಗೆ, ಬಿಸಿಲು ಕಿಟಕಿಯಿಂದ ಮಂಚದವರೆಗೆ ಬಂದಿದ್ದಾಗ, ರೇಡಿಯೋ ಅವರ ಮುಖ ಒರೆಸುತ್ತಾ ತನ್ನ ಚಿಕ್ಕಮ್ಮನಿಗೂ ಪಕ್ಕದ ಮನೆಯವರಿಗೂ ನಲ್ಲಿ ನೀರಿಗಾಗಿ ಆದ ಜಗಳದ ಕಥೆ ಹೇಳುತ್ತಿದ್ದಳು. ಮಧ್ಯದಲ್ಲಿ ಅವಳ ಕೈ ನಿಂತಿತು. ನಾನು ನಾಡಿ ನೋಡಿದೆ. ಅವಳು ನನ್ನ ಮುಖ ನೋಡಿ, "ಮುಗಿಸ್ಲಾ ಮೇಡಂ?" ಎಂದಳು. ಮುಗಿಸು ಎಂದೆ. ಅವಳು ಜಗಳದ ಕಥೆಯನ್ನು ಕೊನೆಯವರೆಗೂ ಹೇಳಿ, ಚಿಕ್ಕಮ್ಮ ಗೆದ್ದದ್ದನ್ನೂ ಹೇಳಿ, ಆಮೇಲೆ ಹೊರಗೆ ಹೋಗಿ ಅತ್ತಳು. ನಗರಸಭೆಯವರು ಬಂದು ಕರೆದೊಯ್ದರು. ಹಿಂದೆ ನಡೆದವರು ನಾವಷ್ಟೇ.

ಇನ್ನು ಗಂಟೆಗಳ ವಿಷಯಕ್ಕೆ ಬರುತ್ತೇನೆ. ನರ್ಸ್ ಆಗಬೇಕಾದವಳು ಇಂತಿಷ್ಟು ಗಂಟೆ ಆರೈಕೆಯ ತರಬೇತಿ ಪಡೆದಿರಬೇಕು, ಸರಿಯಾದ ನಿಯಮ, ನಾನೇ ಅದರ ಪರವಾಗಿ ವಾದಿಸಿದವಳು. ನಿಮ್ಮ ವಿಪತ್ತಿನ ಸುತ್ತೋಲೆ ಆ ಗಂಟೆಗಳನ್ನು ತುಂಬಲು ಮೂರು ದಾರಿ ತೆರೆಯಿತು. ಮಾನ್ಯತೆಯಿರುವ ಆಸ್ಪತ್ರೆಯಲ್ಲಿ ರೋಗಿಯ ಆರೈಕೆ. ಇಲ್ಲವೇ ಮಾನ್ಯತೆಯಿರುವ ಪ್ರಯೋಗಶಾಲೆಯಲ್ಲಿ ಬೊಂಬೆಯ ಮೇಲೆ ಅಭ್ಯಾಸ. ಅದೂ ಆಗದಿದ್ದರೆ ಮನೆಯಲ್ಲೇ ಕೂತು ಕಂಪ್ಯೂಟರಿನ ಪರದೆಯ ಮೇಲೆ ಕೃತಕ ರೋಗಿಯ ಆರೈಕೆ. ಮನೆ ಸೇರಿಕೊಂಡ ಹುಡುಗಿಯರು ಮೂರನೆಯದನ್ನು ಮಾಡಿ ತೇರ್ಗಡೆಯಾದರು, ಅವರನ್ನು ದೂರುವುದಿಲ್ಲ. ಆದರೆ ನಮ್ಮ ಹುಡುಗಿಯರು ಎಲ್ಲಿ ನಿಂತರು ನೋಡಿ. ಆಸ್ಪತ್ರೆ ಮುಳುಗಿದ್ದರಿಂದ ಅದರ ಮಾನ್ಯತೆ ತಾತ್ಕಾಲಿಕವಾಗಿ ಅಮಾನತಿನಲ್ಲಿತ್ತು. ಪ್ರಯೋಗಶಾಲೆಗೆ ಮಾನ್ಯತೆ ಇತ್ತು, ಆದರೆ ಅಲ್ಲಿದ್ದದ್ದು ಬೊಂಬೆಯಲ್ಲ. ವಿಪತ್ತಿಗಾಗಿಯೇ ಬರೆದ ನಿಯಮದಲ್ಲಿ ಎಲ್ಲರಿಗೂ ಜಾಗವಿತ್ತು, ವಿಪತ್ತಿನಲ್ಲಿ ಕೆಲಸ ಮಾಡಿದವರಿಗೆ ಮಾತ್ರ ಇರಲಿಲ್ಲ. ಪರದೆಯ ಮೇಲಿನ ಚಿತ್ರವನ್ನು ಬೆರಳಿನಲ್ಲಿ ಒತ್ತಿ ಮಗ್ಗುಲು ತಿರುಗಿಸಿದರೆ ತರಬೇತಿ. ಉಸಿರಿರುವ ಮನುಷ್ಯನನ್ನು ತೋಳಿನ ಬಲದಲ್ಲಿ ತಿರುಗಿಸಿದರೆ ಅದೇನು ಸ್ವಾಮಿ, ಹವ್ಯಾಸವೇ?

ದಾರಿಯನ್ನು ಪ್ರಾಂಶುಪಾಲರೇ ಕಂಡುಹಿಡಿದರು. ನಿಮ್ಮದೇ ವರದಿ ಅಲ್ಲಿ ಬೊಂಬೆ ಇತ್ತು ಎಂದು ಹೇಳುತ್ತದೆ. ಹಾಗಾದರೆ ಹುಡುಗಿಯರು ಬೊಂಬೆಯ ಮೇಲೆ ಅಭ್ಯಾಸ ಮಾಡಿದೆವು ಎಂದು ಬರೆದುಕೊಟ್ಟರೆ ಸಾಕು, ಗಂಟೆಗಳು ತಾವಾಗಿಯೇ ಲೆಕ್ಕಕ್ಕೆ ಬರುತ್ತವೆ. ನಾನು ಉಸ್ತುವಾರಿಯ ಸಹಿ ಹಾಕಲಿಲ್ಲ, ಅವರೇ ಹಾಕಿದರು. ಹುಡುಗಿಯರು ಒಬ್ಬೊಬ್ಬರಾಗಿ ಬರೆದುಕೊಟ್ಟರು. ಅವರಲ್ಲೊಬ್ಬಳು ನನ್ನ ಕಣ್ಣು ತಪ್ಪಿಸಿ, "ಮನೇಲಿ ಕಾಯ್ತಿದ್ದಾರೆ ಮೇಡಂ" ಎಂದಳು. ನಾನು ಅವಳ ತಲೆ ಸವರಿದೆ. ದಯವಿಟ್ಟು ಈ ಪತ್ರ ಓದಿ ಅವರ ಮೇಲೆ ಬೀಳಬೇಡಿ. ಆ ಗಂಟೆಗಳನ್ನು ಅವರು ನಿಜವಾಗಿ ದುಡಿದಿದ್ದಾರೆ, ಸುಳ್ಳಿರುವುದು ನೀವು ತೆರೆದಿಟ್ಟ ಕಿಂಡಿಯಲ್ಲಿ. ಬರೆದುಕೊಡದೆ ಉಳಿದವಳು ರೇಡಿಯೋ ಒಬ್ಬಳು.

"ತಾತನ್ನ ಬೊಂಬೆ ಅಂತ ನಾನು ಬರ್ಕೊಡಲ್ಲ ಮೇಡಂ."

"ಅವರಿಗೇನೂ ಗೊತ್ತಾಗಲ್ಲ ಕಣೆ. ಅವರೀಗ ಇಲ್ಲ." ಹಾಗೆಂದವಳು ನಾನೇ. ಅವಳು ಪಾಸಾಗಲಿ ಎಂಬುದಷ್ಟೇ ನನ್ನ ಮನಸ್ಸಿನಲ್ಲಿತ್ತು.

"ಅವರಿಗೆ ಬೇರೆ ಯಾರಿದ್ದಾರೆ ಹೇಳಿ? ಅವರು ಇದ್ರು ಅನ್ನೋಕೆ ನಾವೇ ಅಲ್ವಾ ಇರೋದು? ನಾವೂ ಬೊಂಬೆ ಅಂದ್ಬಿಟ್ರೆ ಮುಗೀತು."

ಅಷ್ಟು ಮಾತಾಡುವ ಹುಡುಗಿ ಅಷ್ಟು ಕಡಿಮೆ ಮಾತಾಡಿದ್ದನ್ನು ನಾನು ಕಂಡಿರಲಿಲ್ಲ. ತಾತನಿಗೇನು ನಷ್ಟ ಎಂದು ಪ್ರಾಂಶುಪಾಲರು ಕೇಳಿದ್ದ ಪ್ರಶ್ನೆಗೆ ನನ್ನ ಬಳಿ ಇಲ್ಲದ ಉತ್ತರ ಅವಳ ಬಳಿ ಇತ್ತು. ಮೂರನೆಯ ದಾರಿಯಾದರೂ ಇರಲಿ ಎಂದು ಅವಳನ್ನು ಕಂಪ್ಯೂಟರಿನ ಮುಂದೆ ಕೂರಿಸಿದೆ. ಪರದೆಯ ಮೇಲೆ ಒಬ್ಬ ನುಣುಪು ಕೆನ್ನೆಯ ರೋಗಿ ಬಂದ. ಅವಳು ಅಭ್ಯಾಸಬಲದಿಂದ, ಒತ್ತುವ ಮುನ್ನ, "ಈಗ ಎಡಗಡೆಗೆ ತಿರುಗಿಸ್ತೀನಿ" ಎಂದು ಅವನಿಗೆ ಹೇಳಿದಳು. ಹೇಳಿ ಮುಗಿಸುವಷ್ಟರಲ್ಲಿ ಸಮಯ ಮೀರಿದೆ ಎಂದು ಕೆಂಪಕ್ಷರ ಬಂತು. ಮತ್ತೆ ಮಾಡಿದಳು, ಮತ್ತೆ ಕೆಂಪಕ್ಷರ. ಸ್ವಲ್ಪ ಹೊತ್ತಾದ ಮೇಲೆ ಕಂಪ್ಯೂಟರು ಮುಚ್ಚಿ, "ಇದು ನನ್ ಕೈಲಾಗಲ್ಲ ಮೇಡಂ" ಎಂದು ಎದ್ದುಹೋದಳು. ಮಾರನೇ ವಾರ ಚಿಕ್ಕಮ್ಮನ ಬಟ್ಟೆ ಅಂಗಡಿಗೆ ಕೆಲಸಕ್ಕೆ ಸೇರಿದಳು.

ಅವಳು ಹೋದ ಮೇಲೆಯೇ ನಾನು ನಿಮಗೆ ಬರೆಯಲು ಶುರುಮಾಡಿದ್ದು, ಮತ್ತು ನನ್ನ ಜೊತೆ ಮಾತಾಡುವವರು ಕಡಿಮೆಯಾದದ್ದು. ತರಗತಿಗಳೆಲ್ಲ ಈಗ ಪೇಟೆಯ ಆಚೆ ತುದಿಯ ಒಂದು ಹಳೆಯ ಪೀಠೋಪಕರಣ ಮಳಿಗೆಯಲ್ಲಿ ನಡೆಯುತ್ತವೆ. ಪ್ರಯೋಗಶಾಲೆ ಇಲ್ಲೇ ಇರುವುದರಿಂದ ನನ್ನನ್ನು ಇಲ್ಲೇ ಬಿಟ್ಟಿದ್ದಾರೆ. ಮಧ್ಯಾಹ್ನ ಖಾಲಿ ಮಂಚಗಳ ನಡುವೆ ಕೂತು ಊಟದ ಡಬ್ಬಿ ಬಿಚ್ಚುತ್ತೇನೆ. ಯಾರಾದರೂ ಮೆಟ್ಟಿಲು ಹತ್ತಿ ಬಂದಾರೆಂದು ಕಿವಿಗೊಟ್ಟು ಕೂರುವುದು ಅಭ್ಯಾಸವಾಗಿದೆ. ಸಹೋದ್ಯೋಗಿಗಳ ವಾಟ್ಸಾಪ್ ಗುಂಪಿನಲ್ಲಿ ದಿನವೂ ಶುಭೋದಯ ಹಾಕುತ್ತಿದ್ದೆ. ಯಾರೂ ಉತ್ತರಿಸದಿದ್ದಾಗ ಎಲ್ಲರಿಗೂ ಕೆಲಸ ಜಾಸ್ತಿಯಾಗಿದೆ ಎಂದುಕೊಂಡೆ. ಆಮೇಲೆ ತಿಳಿಯಿತು, ಉಳಿದವರೆಲ್ಲ ಬೇರೊಂದು ಗುಂಪು ಮಾಡಿಕೊಂಡು ಹೋಗಿಬಿಟ್ಟಿದ್ದಾರೆ. ಹಳೆಯದರಲ್ಲಿ ನಾನೊಬ್ಬಳೇ ನನಗೆ ನಾನೇ ಶುಭ ಕೋರಿಕೊಳ್ಳುತ್ತಿದ್ದೆ. ನಾನು ಅವರ ಅನ್ನಕ್ಕೆ ಕಲ್ಲು ಹಾಕುತ್ತಿದ್ದೇನೆಂದು ಅವರು ತಿಳಿದಿದ್ದಾರೆ, ಅದು ಪೂರ್ತಿ ತಪ್ಪೂ ಅಲ್ಲ. ಭಾನುವಾರಕ್ಕೊಮ್ಮೆ ಅಣ್ಣ ಫೋನು ಮಾಡಿ, "ಇಲ್ಲದ ಉಸಾಬರಿ ನಿನಗ್ಯಾಕೆ? ರಿಟೈರ್ ಆಗೋ ವಯಸ್ಸಲ್ಲಿ ಸುಮ್ನೆ ಇರೋಕೆ ಏನು ರೋಗ?" ಎನ್ನುತ್ತಾನೆ. ನನಗೆ ಒಂಟಿತನ ಹೊಸದಲ್ಲ, ಮದುವೆಯಾಗದೆ ಉಳಿದವಳು, ಒಬ್ಬಳೇ ಇರುವುದು ಗೊತ್ತಿದೆ. ಆದರೆ ನಡೆದದ್ದು ಇದು ಎಂದು ಹೇಳುವವಳು ಒಬ್ಬಳೇ ಆಗಿಬಿಟ್ಟರೆ, ಕೆಲವು ಸಂಜೆ ನನಗೇ ಅನುಮಾನ ಬರುತ್ತದೆ. ಮೊದಲ ಮಂಚದ ಹತ್ತಿರ ಹೋಗಿ ಸುಮ್ಮನೆ ನಿಂತುಬಿಡುತ್ತೇನೆ. ಆ ಅನುಮಾನ ನನಗೆ ತುಂಬ ಹೆದರಿಕೆ ಹುಟ್ಟಿಸುತ್ತದೆ.

ಮಾನ್ಯರೇ, ನಿಮ್ಮದು ದುಷ್ಟ ಸಂಸ್ಥೆ ಎಂದು ನಾನು ನಂಬಿಲ್ಲ. ನಿಮ್ಮ ಹಿರಿಯ ಸದಸ್ಯರ ದನಿಯಲ್ಲಿ ನಿಜವಾದ ಮರುಕವಿತ್ತು. ಆದರೆ ಮರುಕವನ್ನು ದೂರದಿಂದ ಕಳಿಸಿ ಕೈತೊಳೆದುಕೊಂಡಿರಿ. ಸಂಕಟದಲ್ಲಿರುವ ಕಾಲೇಜಿಗೆ ನಿಯಮ ಸಡಿಲಿಸುವುದೆಂದರೆ ಕಡಿಮೆ ನೋಡುವುದು ಎಂದು ನೀವು ಅರ್ಥ ಮಾಡಿಕೊಂಡಿದ್ದೀರಿ. ಅಂಥ ಹೊತ್ತಿನಲ್ಲಿ ಹೆಚ್ಚು ನೋಡಬೇಕಾಗುತ್ತದೆ. ನಾವು ತಿಪ್ಪೆ ಸಾರಿಸುವ ಸ್ಥಿತಿ ಬಂದದ್ದು ನಾವು ಕೆಟ್ಟವರೆಂದಲ್ಲ, ನಡೆದದ್ದನ್ನು ನಡೆದ ಹಾಗೆ ಹೇಳಿದರೆ ಹಿಡಿಸುವ ಜಾಗ ನಿಮ್ಮ ವರದಿಯಲ್ಲಿ ಇರಲಿಲ್ಲವೆಂದು. ಕೆಸರು ತುಂಬಿದ ಬೊಂಬೆಯನ್ನು ಕೆಸರು ತುಂಬಿದೆ ಎಂದು ತೋರಿಸಿದರೂ ಕಾಲೇಜು ಉಳಿಯುತ್ತದೆ ಎಂಬ ಧೈರ್ಯ ನೀವು ಕೊಟ್ಟಿದ್ದರೆ, ಒಬ್ಬ ಸಭ್ಯ ಪ್ರಾಂಶುಪಾಲರು ಫೋನನ್ನು ಕಿಟಕಿಯ ಕಡೆ ತಿರುಗಿಸುತ್ತಿರಲಿಲ್ಲ.

ನನ್ನ ಒತ್ತಾಯ ಇಷ್ಟು. ವರದಿಯ ಆ ಸಾಲನ್ನು ತಿದ್ದಿ, ಬೊಂಬೆ ಎಂದಿರುವಲ್ಲಿ ಒಬ್ಬ ರೋಗಿ ಎಂದು ಬರೆಯಿರಿ. ಹೆಸರು ನಮಗೂ ತಿಳಿಯದು, ರೋಗಿ ಎಂದರೆ ಸಾಕು. ವಿಪತ್ತಿನಲ್ಲೇ ನಿಂತು, ಬೋಧಕರ ಕಣ್ಣೆದುರು ರೋಗಿಯನ್ನು ನೋಡಿಕೊಂಡ ಗಂಟೆಗಳನ್ನು ತರಬೇತಿಯೆಂದು ಒಪ್ಪುವ ಒಂದು ಸಾಲನ್ನು ಸುತ್ತೋಲೆಗೆ ಸೇರಿಸಿ. ಸಹಿ ಹಾಕಿದ ಹುಡುಗಿಯರ ನೋಂದಣಿ ಮುಟ್ಟಬೇಡಿ, ಹಾಕದವಳಿಗೆ ಕೊಡಿ. ಇದರಿಂದ ನಮ್ಮ ದರ್ಜೆ ಇಳಿಯುವುದಾದರೆ ಇಳಿಸುವ ಮೊದಲು ಒಮ್ಮೆ ಖುದ್ದಾಗಿ ಬನ್ನಿ, ಮೆಟ್ಟಿಲು ಗಟ್ಟಿಯಾಗಿದೆ, ಕುರ್ಚಿ ಕೊಡುತ್ತೇನೆ. ಎಲ್ಲ ನೋಡಿದ ಮೇಲೂ ಇಳಿಸಲೇಬೇಕೆನಿಸಿದರೆ ಇಳಿಸಿ. ಈ ಕಟ್ಟಡ ಬಿಟ್ಟರೆ ನನಗೂ ಬೇರೇನಿಲ್ಲ ಎಂದು ಗೊತ್ತಿದ್ದೇ ಆ ಮಾತು ಬರೆಯುತ್ತಿದ್ದೇನೆ.

ಈ ಪತ್ರ ಬರೆಯಲು ಕೂತದ್ದಕ್ಕೆ ಮೊನ್ನೆ ರೇಡಿಯೋ ಮಾಡಿದ ಒಂದು ಫೋನೂ ಕಾರಣ. ಅವಳ ಅಂಗಡಿಯಲ್ಲಿ ಸೀರೆ ನೋಡುತ್ತಿದ್ದ ಅಜ್ಜಿಯೊಬ್ಬರು ತಲೆ ತಿರುಗಿ ಬಿದ್ದರಂತೆ. ಜನ ನೀರು ಕುಡಿಸಲು ಬಂದರೆ ಇವಳು ತಡೆದು, ಅಜ್ಜಿಯನ್ನು ಮಗ್ಗುಲಾಗಿ ಮಲಗಿಸಿ, ಬಾಯಿ ಸ್ವಚ್ಛ ಮಾಡಿ, ಆಂಬುಲೆನ್ಸ್ ಬರುವವರೆಗೂ ಅವರ ಕೈ ಹಿಡಿದು ಮಾತಾಡುತ್ತಲೇ ಇದ್ದಳಂತೆ. ಅಜ್ಜಿ ಬದುಕಿಕೊಂಡರು. ಅವರ ಮಗ ಇವಳ ಎರಡೂ ಕೈ ಹಿಡಿದು, "ನೀವು ನರ್ಸಾ ಅಮ್ಮಾ?" ಎಂದು ಕೇಳಿದನಂತೆ.

"ನಾನೇನೂ ಹೇಳ್ಲಿಲ್ಲ. ಬಟ್ಟೆ ಮಡಿಚೋಕೆ ಹೋದೆ. ಏನು ಹೇಳ್ಬೇಕಿತ್ತು ಮೇಡಂ?" ಎಂದಳು.

ನಾನು ಏನು ಹೇಳಿದರೂ ಅದು ಒಬ್ಬ ಮೇಷ್ಟ್ರಮ್ಮನ ಪ್ರೀತಿಯ ಮಾತಷ್ಟೇ ಆಗುತ್ತದೆ. ಹೌದು ಎನ್ನುವ ಅಧಿಕಾರವಿರುವುದು ನಿಮಗೊಬ್ಬರಿಗೆ. ಅವಳು ಕೇಳಿ ಕಾಯುತ್ತಿದ್ದಾಳೆ. ಅವಳಿಗೆ ಉತ್ತರ ಕೊಡಿ.

ಇಂತಿ,
ಈ ಪತ್ರ ಅಚ್ಚಾದ ಮೇಲೆ ಪ್ರಾಂಶುಪಾಲರೂ ಮಾತು ಬಿಡಲಿರುವ
ಒಬ್ಬ ನರ್ಸಿಂಗ್ ಬೋಧಕಿ